ಅಗದಿ ಆರಾಮ

ಬೇಸ್ತವಾರ ಹನ್ನೊಂದು ಗಂಟೆಗೆ ಮೈಲಾರವ್ವನ ಫೋನು ಬಡಿದುಕೊಳ್ಳುತ್ತದೆ ಎಂಬುದು ಸಂಶಿಯ ಆ ಓಣಿಗೆಲ್ಲ ಗೊತ್ತಿತ್ತು. ಗೊತ್ತಾಗದೆ ಏನು? ಅವಳು ಫೋನಿನಲ್ಲಿ ಮಾತಾಡುವ ರೀತಿಯೇ ಹಾಗೆ. ಹುಬ್ಬಳ್ಳಿಯವರಿಗೆ ಫೋನಿಲ್ಲದೆಯೇ ಕೇಳಿಸಲಿ ಎನ್ನುವಷ್ಟು ದೊಡ್ಡ ದನಿ.

"ಹಲೋ! ಯಾರ್ರಿ? ಹಾಂ, ಜಹೀರಾ ಬಾಯಾರ! ಹೇಳ್ರಿ, ಹೇಳ್ರಿ."

"ಅಜ್ಜಿ, ನೀಲಾ ಹೆಂಗದಾಳ್ರಿ?"

"ಅಗದಿ ಆರಾಮ ಅದಾಳ್ರಿ!"

"ಊಟಾ ಮಾಡತಾಳ?"

"ಗಡದ್ ಮಾಡತಾಳ್ರಿ."

"ಓಡ್ಯಾಡಿದ್ರ ದಮ್ಮ ಹತ್ತತೈತೇನ್ರಿ?"

"ಇಲ್ರಿ, ಇಲ್ರಿ."

"ಕೈಕಾಲಿನ್ಯಾಗ ಶಕ್ತಿ ಐತಿ? ಎರಡೂ ಕಡೆ ಒಂದ ಥರಾ ಐತೇನ್ರಿ?"

ಮೈಲಾರವ್ವ ಕಟ್ಟೆಯ ಕಡೆ ನೋಡಿದಳು. ಅಲ್ಲಿ ಏಳು ವರ್ಷದ ಮೊಮ್ಮಗಳು ನೀಲಾ ಕುಳಿತು ಶೇಂಗಾ ತಿನ್ನುತ್ತಿದ್ದಳು. ಬಲಗೈಯಲ್ಲಿ ಕಾಯಿ ಹಿಡಿದು ಹಲ್ಲಿಗೆ ಕೊಡುವುದು, ಕಟ್ ಎಂದು ಒಡೆಯುವುದು, ಸಿಪ್ಪೆ ಉಗುಳುವುದು. ಎಡಗೈ ಮಾತ್ರ ಪರಕಾರದ ಮೇಲೆ ಬೇರೆ ಯಾರೋ ಇಟ್ಟು ಹೋದ ಹಾಗೆ ಬಿದ್ದಿತ್ತು.

"ಎಲ್ಲಾ ಆರಾಮರಿ ಬಾಯಾರ. ನೀವು ಆರಾಮ ಅದೀರಿ? ಮನ್ಯಾಗ ಎಲ್ಲಾರೂ ಆರಾಮ?"

ಅತ್ತ ಕಡೆಯಿಂದ ಪೆನ್ನು ಗೀಚಿದ ಸದ್ದು ಬಂತು. ಮುಂದಿನ ಬೇಸ್ತವಾರ ಮಾಡುತ್ತೇನೆಂದು ಹೇಳಿ ದವಾಖಾನೆಯ ಜಹೀರಾ ಫೋನಿಟ್ಟಳು.

ಈ ಫೋನು ಶುರುವಾದದ್ದು ಕಾರ್ತಿಕ ಮಾಸದ ಒಂದು ಜ್ವರದಿಂದ. ನೀಲಾಗೆ ಜ್ವರ ಬಂದ ಮೂರನೆಯ ದಿನ ಉಸಿರು ಎಳೆಯಲಾಗದೆ ತುಟಿ ಬಣ್ಣಗೆಟ್ಟಿತ್ತು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು. ಉಸಿರಿನ ಯಂತ್ರ ಹಚ್ಚಿದರು, ಅದೂ ಸಾಲಲಿಲ್ಲ. ಆಗ ಡಾಕ್ಟರು ಇನ್ನೊಂದು ಯಂತ್ರದ ಮಾತು ತೆಗೆದರು. ಕುತ್ತಿಗೆಯ ರಕ್ತನಾಳದಿಂದ ರಕ್ತವನ್ನು ಹೊರಗೆ ತಂದು, ಅದಕ್ಕೆ ಗಾಳಿ ಕೂಡಿಸಿ, ಮರಳಿ ಮೈಯೊಳಗೆ ಕಳಿಸುವ ಯಂತ್ರ. ಹೃದಯಕ್ಕೂ ಪುಪ್ಪುಸಕ್ಕೂ ಅಷ್ಟು ದಿನ ಸೂಟಿ. ಹೊರಗೆ ಓಡಾಡುವ ರಕ್ತ ಹೆಪ್ಪುಗಟ್ಟಬಾರದೆಂದು ಔಷಧ ಹಾಕಬೇಕು. ಹೆಚ್ಚಾದರೆ ಮೈಯೊಳಗೆ ಎಲ್ಲಾದರೂ ರಕ್ತ ಸೋರೀತು, ಕಡಿಮೆಯಾದರೆ ಗಡ್ಡೆ ಕಟ್ಟೀತು. ಮಕ್ಕಳಿಗೆ ಎಷ್ಟು ಹಾಕಿದರೆ ಒಳ್ಳೆಯದೆಂದು ತಿಳಿಯಲು ಒಂದು ಅಧ್ಯಯನ ನಡೆಸಿದ್ದೇವೆ, ಎರಡು ಗುಂಪು ಮಾಡಿದ್ದೇವೆ, ಯಾವ ಮಗು ಯಾವ ಗುಂಪಿಗೆ ಎಂದು ಕಂಪ್ಯೂಟರು ಚೀಟಿ ಎತ್ತುತ್ತದೆ, ನಿಮಗೆ ಒಪ್ಪಿಗೆಯೇ ಎಂದು ಕೇಳಿದರು. ತಂದೆ ಸಿದ್ಧಾರೂಢ ಆ ಹೊತ್ತಿಗೆ ರಕ್ತ ತರಲು ಹೋಗಿದ್ದ. ತಾಯಿ ಸುವರ್ಣಾ ಹಾಳೆಗಳನ್ನು ಓದಿದಳು, ಎರಡು ಪ್ರಶ್ನೆ ಕೇಳಿದಳು, ಸಹಿ ಮಾಡಿದಳು.

ಒಂಬತ್ತು ದಿನ ಆ ಯಂತ್ರವೇ ನೀಲಾಳ ಉಸಿರಾಯಿತು. ಇಪ್ಪತ್ತಾರನೆಯ ದಿನ ಅವಳು ಕುತ್ತಿಗೆಯ ಬಲಕ್ಕೆ ಒಂದು ಗಾಯದ ಕಲೆ ಹೊತ್ತು ಮನೆಗೆ ಬಂದಳು. ಇನ್ನು ಮೂರು ತಿಂಗಳು ವಾರಕ್ಕೊಮ್ಮೆ ಫೋನು ಮಾಡಿ ವಿಚಾರಿಸುವುದು, ಆಮೇಲೆ ಕರೆಸಿ ನೋಡುವುದು, ಇದೆಲ್ಲ ಆ ಅಧ್ಯಯನದ ಭಾಗ.

"ಅಧ್ಯಯನ ಅಂದ್ರ ಏನವಾ ಸುವರ್ಣಾ?" ಎಂದು ಮಾವ ತಿರಕಪ್ಪ ಮೊದಲ ದಿನವೇ ಕೇಳಿದ್ದ.

"ಅಭ್ಯಾಸ ಅಂತ್ರೀ ಮಾವಾರ."

"ಅಭ್ಯಾಸಾ ಮಾಡಾಕ ನಮ್ಮ ಕೂಸೇನ ಪಾಟಿಯೇನು, ಬರದು ಒರಸಾಕ?"

ಈ ಮಾತು ತಿರಕಪ್ಪನಿಗೇ ಬಹಳ ಹಿಡಿಸಿತು. ಕುರಿ ಹೊಡೆದುಕೊಂಡು ಹೋದಲ್ಲೆಲ್ಲ ಅದನ್ನು ಹೇಳಿದ. ಕೇಳಿದವರು ತಲೆ ಆಡಿಸಿದಷ್ಟೂ ಅವನಿಗೆ ಹುರುಪು. ಸುವರ್ಣಾಳ ಕಿವಿಗೆ ಅದು ಬೋರಿನ ಹತ್ತಿರ ಬೇರೆಯವರ ಬಾಯಿಂದ ತಿರುಗಿ ಬಂತು. ಅವಳು ಬಿಂದಿಗೆ ತುಂಬಿಕೊಂಡು ಸುಮ್ಮನೆ ಬಂದಳು, ಆದರೆ ಆ ದಿನದ ಪಲ್ಯಕ್ಕೆ ಉಪ್ಪು ಬೀಳಲಿಲ್ಲ.

ಮನೆಯಲ್ಲಿ ಜಗಳಕ್ಕೆ ಆಗ ಬೇರೆ ಕಾರಣವೂ ಇತ್ತು. ಹೊಲದಿಂದ ಮೆಣಸಿನಕಾಯಿ ಬರತೊಡಗಿತ್ತು. ವರ್ಷವೂ ಒಣಗಿಸುವುದು ಅಂಗಳದಲ್ಲೇ.

"ಈ ಘಾಟಿನ್ಯಾಗ ಕೂಸು ಹೆಂಗ ಉಸರಾಡಬೇಕ್ರೀ?" ಎಂದಳು ಸುವರ್ಣಾ.

"ಮತ್ತೆಲ್ಲಿ ಒಣಸೂಣು? ನನ್ನ ರುಮಾಲ ಮ್ಯಾಲ?"

"ಎಲ್ಲೆರ ಒಣಸ್ರಿ ಮಾವಾರ. ಇಲ್ಲಿ ಬ್ಯಾಡ."

"ಹೇಳಾಕತ್ತಾಳ ನೋಡ್ರಿ! ಸಹಿ ಮಾಡಾಕ ಕಲತಾಕಿ ಈಗ ಹುಕುಮ್ ಮಾಡಾಕೂ ಕಲತ್ಲು."

ಇಷ್ಟು ಅಂದು ತಿರಕಪ್ಪ ತಾನೇ ಬುಟ್ಟಿ ಹೊತ್ತು ಹಿತ್ತಲ ಆಚೆಯ ಅಮೀರಬಿಯ ಮಾಳಿಗೆಗೆ ಏಣಿ ಹಾಕಿದ. ಬಳೆ ಮಾರುವ ಅಮೀರಬಿ ಈ ಮನೆಗೆ ನಲವತ್ತು ವರ್ಷದ ನೆರೆಯವಳು. ದಿನಾ ಮುಂಜಾನೆ ಏಣಿ ಹತ್ತಿ ಕಾಯಿ ಹರಡುವುದು, ಸಂಜೆ ಹತ್ತಿ ರಾಶಿ ಮಾಡಿ ತಾಡಪತ್ರಿ ಮುಚ್ಚುವುದು. ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ ಸೊಸೆಗೆ ಕೇಳಿಸುವ ಹಾಗೆ ನರಳುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ.

ಸುವರ್ಣಾ ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆಯವಳು. ಒಂಬತ್ತಕ್ಕೆ ಹೋದರೆ ಬರುವುದು ಮೂರಕ್ಕೆ. ಸಿದ್ಧಾರೂಢ ಟೆಂಪೋ ಹೊಡೆಯುತ್ತ ಸಂಶಿ, ಕುಂದಗೋಳ, ಹುಬ್ಬಳ್ಳಿ ತಿರುಗುವವನು. ಹಾಗಾಗಿ ಬೇಸ್ತವಾರದ ಫೋನು ಮೈಲಾರವ್ವನ ಪಾಲಿಗೆ. ನೀಲಾಗೆ ಎರೆಯುವುದು, ಹೆಳಲು ಹಾಕುವುದು, ಪರಕಾರ ಉಡಿಸುವುದು ಎಲ್ಲ ಅವಳದೇ. ಉಣ್ಣುವುದು ಬಲಗೈಯಲ್ಲಿ. ಎಡಗೈ ತಾಟಿನ ಹತ್ತಿರ ಬಂದರೆ ಈ ಮನೆಯಲ್ಲಿ ಮೊದಲಿನಿಂದಲೂ ಏಟು ಬೀಳುತ್ತಿತ್ತು. ಹೀಗಾಗಿ ಎಡಗೈ ಸುಮ್ಮನಿದ್ದರೆ ಕೇಳುವವರು ಯಾರು? ನೀರಿನ ವಾಟಗ ಎರಡು ಸಲ ನೀಲಾಳ ಕೈಯಿಂದ ಜಾರಿದ್ದನ್ನು ಸುವರ್ಣಾ ನೋಡಿದ್ದಳು. ಇನ್ನೂ ನಿತ್ರಾಣವಿದೆ, ಹಾಲು ಹೆಚ್ಚು ಕೊಡಬೇಕು ಅಂದುಕೊಂಡಿದ್ದಳು.

ನೀಲಾ ಮಾತ್ರ ಅಜ್ಜಿಗೆ ಸ್ಪಷ್ಟವಾಗಿ ಹೇಳಿದ್ದಳು.

"ಆಯಿ, ನಾ ದವಾಖಾನ್ಯಾಗ ಎದ್ದೆ. ಈ ಕೈ ಎದ್ದಿಲ್ಲ."

"ಏಳತೈತಿ ಬಿಡವಾ. ಯಾರ ಮುಂದೂ ಅನಬ್ಯಾಡ."

"ಅವ್ವನ ಮುಂದ?"

"ಅವ್ವನ ಮುಂದೂ ಬ್ಯಾಡ. ಸ್ವೆಟರ್ ತೋಳ ಕೆಳಗ ಎಳಕೋ."

ಹೀಗೆ ಮೂರು ಬೇಸ್ತವಾರ ಆಯಿತು. ಮೂರು ಸಲ 'ಅಗದಿ ಆರಾಮ' ಆಯಿತು. ಸಂಜೆ ಸುವರ್ಣಾ ಬಂದು "ಏನ್ ಕೇಳಿದ್ರು ಅತ್ತೀ?" ಅಂದರೆ ಮೈಲಾರವ್ವ ಹಿಟ್ಟು ನಾದುತ್ತಲೇ "ಏನ್ ಕೇಳತಾರ, ಹೆಂಗದಾಳ ಅಂದ್ರು, ಆರಾಮ ಅಂದೆ" ಅನ್ನುತ್ತಿದ್ದಳು. ಆ ದಿನಗಳಲ್ಲಿ ಅವಳ ರೊಟ್ಟಿ ಬಡಿಯುವ ಸದ್ದು ಮೊದಲಿಗಿಂತ ಜೋರಾಗಿತ್ತು ಎಂದು ಆಮೇಲೆ ಎಲ್ಲರೂ ನೆನೆಸಿಕೊಂಡರು.

ಸಂಕ್ರಾಂತಿ ಹತ್ತಿರ ಬಂತು. ಒಂದು ರವಿವಾರ ಅಮೀರಬಿ ಬಳೆಯ ಮಲಾರ ಹೊತ್ತು ಬಂದು ಕಟ್ಟೆಯ ಮೇಲೆ ಕುಳಿತಳು. ಮೈಲಾರವ್ವ ಹಿತ್ತಲಲ್ಲಿದ್ದಳು. ಅವಳು ಇದ್ದಿದ್ದರೆ ಏನಾದರೂ ನೆವ ಹೇಳಿ ತಪ್ಪಿಸುತ್ತಿದ್ದಳೋ ಏನೋ.

"ಬಾರಬೇ ನೀಲಾ. ಸಾವು ಗೆದ್ದ ಬಂದಾಕಿ ನೀ, ನಿನಗ ಹಸರ ಬಳಿ ನಂದ ಫುಕಟ್. ತಾ ಕೈ."

ಬಲಗೈಗೆ ಆರು ಬಳೆ ಸರಸರ ಏರಿದವು. ನೀಲಾ ಕಿಸಕ್ಕನೆ ನಕ್ಕು ಕೈ ಎಳೆದುಕೊಂಡಳು, ಅಮೀರಬಿ ಬೈದು ಮತ್ತೆ ಹಿಡಿದಳು. ಆಮೇಲೆ ಎಡಗೈ. ಒಂದು ಬಳೆ ಹೋಯಿತು, ಎರಡು ಹೋಯಿತು. ಮೂರನೆಯದನ್ನು ಬೆರಳ ತುದಿಯಲ್ಲೇ ಹಿಡಿದು ಅಮೀರಬಿ ಕೈ ತಡೆದಳು.

"ಸುವರ್ಣಾ, ಇಲ್ಲಿ ಬಾರವಾ."

"ಯಾಕ್ರೀ, ಸಣ್ಣವಾದುವೇನ?"

"ಬಳಿ ಸರಿ ಅದಾವು. ಐವತ್ತ ವರ್ಷ ಆತು, ಎಲ್ಲಾ ಹುಡುಗ್ಯಾರಿಗೂ ಕೈ ಸಡ್ಲ ಬಿಡಬೇ, ಸಡ್ಲ ಬಿಡಬೇ ಅಂತ ಬಾಯಿ ಹರಕೋತೀನಿ. ಯಾರೂ ಬಿಡೂದಿಲ್ಲ. ಈ ಕೈ ತಾನ ಸಡ್ಲ ಬಿಟಗೊಂಡ ಕುಂತೈತಿ. ನನಗ ಯಾಕೋ ಬರೋಬ್ಬರಿ ಅನಸವಲ್ದು."

ಸುವರ್ಣಾ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಮುಷ್ಟಿ ಮಾಡವಾ ನೀಲಾ."

ಬೆರಳುಗಳು ಅರ್ಧ ಮಡಚಿದವು. ಅಲ್ಲಿಗೇ ನಿಂತವು.

"ಇನ್ನೂ ಮಾಡ."

"ಇಷ್ಟ ಬರತೈತವ್ವಾ. ಇದು ಎದ್ದಿಲ್ಲ. ಆಯಿ ಹೇಳಬ್ಯಾಡ ಅಂದಾಳ."

ಮೈಲಾರವ್ವ ಕುಳ್ಳು ಹಿಡಿದುಕೊಂಡು ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದಳು. ಸುವರ್ಣಾ ತಿರುಗಿ ನೋಡಿದಳು. ಅತ್ತೆಯ ಮುಖದಲ್ಲಿ ಗಾಬರಿ ಇರಲಿಲ್ಲ. ಅದನ್ನು ಕಂಡೇ ಅವಳ ದನಿ ಏರಿತು.

"ನಿಮಗ ಗೊತ್ತಿತ್ತು!"

"ಸಾವಕಾಶ ಮಾತಾಡು."

"ಎಂದಿನಿಂದ ಗೊತ್ತೈತ್ರೀ ನಿಮಗ?"

"ಎಳ್ಳ ಅಮಾಸಿಯಿಂದ."

"ಮೂರ ವಾರ! ಆ ಬಾಯಾರು ಕೈಕಾಲ ಅಂತ ಹೆಸರ ಹಿಡದ ಕೇಳತಾರಲ್ರೀ! ಏನ್ ಹೇಳಿದ್ರಿ ನೀವು?"

"ಫೋನ್ಯಾಗ ಹೆಂಗದೀರಿ ಅಂದ್ರ ಜನಾ ಏನ್ ಅಂತಾರ? ಆರಾಮ ಅಂತಾರ. ನಮ್ಮವ್ವ ಸಾಯೂ ದಿನಾನೂ ಆರಾಮ ಅಂತನ ಅಂದ್ಲು."

"ಅದು ಬೀಗರ ಫೋನ್ ಅಲ್ರೀ ಅತ್ತೀ!"

ಕುಳ್ಳನ್ನು ಕೆಳಗಿಟ್ಟು ಮೈಲಾರವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಸಹಿ ಮಾಡಿದಾಕಿ ನೀನು. ಕೂಸಿನ ಕೈ ಹೋಗೈತಿ ಅಂದ್ರ ನಿನ್ನ ಗಂಡ, ನಿಮ್ಮ ಮಾವ ಕೂಡಿ ನಿನ್ನ ಹರದ ತಿಂತಾರಂತ ಸುಮ್ಮನಿದ್ದೆ. ತಾನ ಸುದ್ದ ಆದೀತಂತ ದಿನಾ ಎಣ್ಣಿ ತಿಕ್ಕಿದೆ. ಬಾಯಿಲೆ ಅಂದ್ರ ಖರೇ ಆಕ್ಕೈತಂತ ನನಗೂ ಅಂಜಿಕಿ. ಇನ್ನೇನ್ ಬೇಕ ನಿನಗ?"

ಅಮೀರಬಿ ಉಳಿದ ಬಳೆಗಳನ್ನು ಸದ್ದಾಗದಂತೆ ಮಲಾರಕ್ಕೆ ಪೋಣಿಸಿಕೊಂಡಳು.

ಮೈಲಾರವ್ವ ಅಂದದ್ದು ಸುಳ್ಳಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಸಿದ್ಧಾರೂಢ ತಾಟು ಸರಿಸಿ ಎದ್ದ.

"ನಾ ಬರೂತನಾ ತಡಿಯಾಕ ಆಗಲಿಲ್ಲ ನಿನಗ? ಚೀಟಿ ಎತ್ತಿ ನನ್ನ ಮಗಳ ಕೈ ಕಳದ್ರು!"

"ತಡದಿದ್ರ ಕೈ ಹಿಡಿಯಾಕ ಮಗಳ ಇರ್ತಿದ್ದಿಲ್ರಿ," ಎಂದಳು ಸುವರ್ಣಾ. "ನಾ ಹಾಳಿ ಓದೀನಿ. ಆ ಯಂತ್ರ ಹಚ್ಚಿದ ಯಾವ ಕೂಸಿಗೂ ಹಿಂಗ ಆಗಬಹುದು ಅಂತ ಬರದೈತಿ. ಆದ್ರ ಲಗೂನ ಹೇಳ್ರಿ, ಲಗೂ ಹೇಳಿದಷ್ಟೂ ಕೈ ತಿರಗೂದಕ್ಕ ಛಲೋ ಅಂತನೂ ಬರದೈತಿ. ನಾಳೆ ಕರಕೊಂಡ ಹೋಗೂಣು."

"ಇನ್ನ ಆ ದವಾಖಾನಿ ಮಾರಿ ನೋಡೂದಿಲ್ಲ. ಅವರಿಗೆ ಅಭ್ಯಾಸಾ ಮಾಡಾಕ ಮತ್ತ ಕೂಸನ್ನ ಕೊಡಬೇಕ?" ಅಂದವನೇ ಅವ್ವನ ಫೋನನ್ನೂ ದವಾಖಾನೆಯ ಫೈಲನ್ನೂ ಎತ್ತಿಕೊಂಡ. "ಬೇಸ್ತವಾರ ಫೋನ್ ಬರ್ಲಿ. ನಾ ಮಾತಾಡತೀನಿ. ಏಳ ತಲಿ ನೆನಸಬೇಕು, ಹಂಗ ಬೈತೀನಿ."

"ಬೈರಿ. ಬೈದು ಕೈಯ ಸುದ್ದೀನೂ ಹೇಳ್ರಿ. ನೀವು ಹೇಳಲಿಲ್ಲಂದ್ರ ಶುಕ್ರವಾರ ನಾ ಕೂಸನ್ನ ಕರಕೊಂಡ ರೈಲ ಹತ್ತತೀನಿ. ಫೈಲ್ ಇರಲಿ, ಬಿಡಲಿ."

ನಾಲ್ಕು ದಿನ ಆ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಸುವರ್ಣಾ ಶಾಲೆಯಲ್ಲಿ ಅನ್ನ ಸೀಯಿಸಿದಳು. ಸಿದ್ಧಾರೂಢ ಟೆಂಪೋದಲ್ಲಿ ಒಬ್ಬನೇ ಬೈಗುಳ ಹೊಂದಿಸುತ್ತ ತಿರುಗಿದ. ತಿರಕಪ್ಪ ಪಾಟಿಯ ಮಾತನ್ನು ಬಿಟ್ಟುಬಿಟ್ಟ. ಯಾರೋ ನೆನಪಿಸಿದರೆ "ಸುಮ್ಮನ ಹೋಗಲೇ" ಎಂದು ಕುರಿಗಳ ಹಿಂದೆ ನಡೆದ. ನೀಲಾ ಮಾತ್ರ ಈಗ ತೋಳು ಮುಚ್ಚುವ ಕೆಲಸ ತಪ್ಪಿದ್ದಕ್ಕೆ ಸ್ವೆಟರ್ ಬಿಚ್ಚಿ ಎಸೆದು ಎಡಗೈಯ ಎರಡು ಹಸಿರು ಬಳೆಯನ್ನು ಬಲಗೈಯಿಂದ ತಿರುಗಿಸುತ್ತ ಕೂರುತ್ತಿದ್ದಳು.

ಬೇಸ್ತವಾರ ದೀಪ ಹಚ್ಚುವ ಹೊತ್ತಿಗೆ ಸಿದ್ಧಾರೂಢ ಬಂದ. ಕೈಕಾಲು ತೊಳೆದು ತಾಟಿನ ಮುಂದೆ ಕುಳಿತ. ಸುವರ್ಣಾ ರೊಟ್ಟಿ ಬಡಿಸಲಿಲ್ಲ.

"ಫೋನ್ ಬಂದಿತ್ತೇನ್ರಿ?"

"ಬಂದಿತ್ತು."

"ಏನಂದ್ರಿ?"

ಅವನು ಬದನೆಕಾಯಿ ಪಲ್ಯವನ್ನೇ ನೋಡುತ್ತಿದ್ದ.

"ಅನ್ನಲೇ, ಏನಂದಿ?" ಎಂದ ತಿರಕಪ್ಪ.

"ಕುಂದಗೋಳ ದಾಟಿ ಗಾಡಿ ಬಾಜು ಹಚ್ಚಿದ್ನೆಪಾ. ಬಾಯಿಗೆ ಎಲ್ಲಾ ತಯಾರ ಇತ್ತು. ಆಕಿ ಅಗದಿ ಪ್ರೀತಿಲೆ, ಅಣ್ಣಾರ, ಆರಾಮ ಅದೀರಿ, ನೀಲಾ ಹೆಂಗದಾಳ್ರಿ ಅಂತ ಕೇಳಿಬಿಟ್ಲು."

"ಹಾಂ?"

"ಬೈಬೇಕಂತ ಬಾಯಿ ತಗದೆ. ಅಗದಿ ಆರಾಮ ಅದಾಳ್ರಿ ಅಂತ ಬಂತು."

ತಿರಕಪ್ಪನ ಹೆಗಲು ಕುಣಿಯತೊಡಗಿತು. "ಅವ್ವನ ಮಗಾ! ಏನಲೇ, ಏಳ ತಲಿ ನೆನಸೂವಂಗ ಬೈತೀನಿ ಅಂದಿದ್ದಿ!" ಅವನು ನಕ್ಕ, ನಕ್ಕು ಕೆಮ್ಮಿದ, ಕೆಮ್ಮುತ್ತ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಆ ಒರೆಸುವಿಕೆ ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು.

ಮೈಲಾರವ್ವ ನಗಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಬಂದು ಮಗನ ಮುಂದೆ ಅಂಗೈ ಚಾಚಿದಳು.

"ಫೋನ್ ತಾ."

"ನಾಳೆ ಮುಂಜಾನಿ..."

"ತಾ ಅಂದೆ."

ಎರಡನೆಯ ಸಲಕ್ಕೆ ಜಹೀರಾ ಎತ್ತಿದಳು. ಮೈಲಾರವ್ವ ಈ ಸಲ ಕೂಗಲಿಲ್ಲ.

"ಬಾಯಾರ, ನಾ ಸಂಶಿಯಿಂದ್ರಿ, ನೀಲಾನ ಆಯಿ. ಮೂರ ವಾರ ನಾ ಸುಳ್ಳ ಹೇಳೀನ್ರಿ. ಇವತ್ತ ನನ್ನ ಮಗಾ ನಾಕನೇದ ಹೇಳ್ಯಾನ. ಕೂಸು ಆರಾಮಿಲ್ರಿ. ಎಡಗೈ ಆಡವಲ್ದು."

ಅತ್ತ ಕಡೆ ಕುರ್ಚಿ ಎಳೆದ ಸದ್ದು. "ಎಂದಿನಿಂದ್ರಿ ಅಜ್ಜಿ?"

ಆಗ ಮೈಲಾರವ್ವ ಬಾಯಿ ಬಿಟ್ಟಳು ನೋಡಿ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಶೇಂಗಾ ಸುಲಿಯಲು ಬರದೆ ಹಲ್ಲಿಗೆ ಕೊಟ್ಟದ್ದು. ಮರುದಿನ ಪರಕಾರದ ಲಾಡಿ ಕಟ್ಟಿಕೊಳ್ಳಲು ಆಗದ್ದು. ಅದರ ಮುಂದಿನ ಸಂತೆಯ ದಿನ ಎಡಗಾಲಿನ ಚಪ್ಪಲಿ ಎರಡು ಸಲ ಜಾರಿ ಬಿದ್ದದ್ದು. ಬಿಸಿನೀರು ತಾಗಿದರೆ ಎಡಗೈ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಬಿಸಿ ತಿಳಿಯುತ್ತದೆ. ಮುಂಜಾನೆ ಬೆರಳು ಬಿಗಿ, ಎಣ್ಣೆ ತಿಕ್ಕಿದ ಮೇಲೆ ಸ್ವಲ್ಪ ಸಡಿಲ. ಹೆಬ್ಬೆರಳು ಮಾತ್ರ ಎಂಟು ದಿನದಿಂದ ಒಂಚೂರು ಹೆಚ್ಚು ಆಡುತ್ತಿದೆ.

"ನಿಧಾನ ಹೇಳ್ರಿ ಅಜ್ಜಿ, ಬರಕೋಳಾಕತ್ತೀನಿ."

ಸುವರ್ಣಾ ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದಳು. ತಾನು ಎರಡು ಸಲ ವಾಟಗ ಜಾರಿದ್ದನ್ನು ಮಾತ್ರ ಕಂಡಿದ್ದಳು. ಅತ್ತೆ ಎಲ್ಲವನ್ನೂ ಕಂಡು, ದಿನವಾರ ಸಮೇತ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು.

"ಬಾಯಾರ, ಬೈರಿ ನನಗ," ಎಂದಳು ಮೈಲಾರವ್ವ ಕೊನೆಗೆ.

"ಹೆಂಗ ಬೈಲ್ರಿ? ನನ್ನ ಪಟ್ಟಿಯೊಳಗ ಹನ್ನೊಂದ ಕೂಸ ಅದಾವು. ಯಾರಿಗೆ ಫೋನ್ ಮಾಡಿದ್ರೂ ಅಗದಿ ಆರಾಮ ಅಂತಾರ. ಯಾವುದು ಖರೇ ಅಂತ ನನಗ ಹೆಂಗ ತಿಳೀಬೇಕ್ರಿ? ಆರಾಮ ಅಂತ ಬರಕೊಂಡ ಹೋದ್ರ ಮುಂದ ಬರೂ ಕೂಸಿಗೆ ಅದ ತಪ್ಪ ಲೆಕ್ಕದ ಮ್ಯಾಲ ಔಷಧ ಹಾಕತಾರ. ಸೋಮವಾರ ಕರಕೊಂಡ ಬರ್ರಿ. ನಾನೂ ಇರತೀನಿ."

ಸಿದ್ಧಾರೂಢ ಫೋನನ್ನು ಕಸಿದುಕೊಂಡ. "ಬಾಯಾರ, ಒಂದ ಮಾತ. ನಮಗ ಯಾವ ಚೀಟಿ ಬಂದಿತ್ತು? ಹೆಚ್ಚಿಂದೋ, ಕಮ್ಮೀದೋ?"

"ಅಣ್ಣಾರ, ವಿಚಾರಿಸೂ ನನಗೂ ಅದನ್ನ ತೋರಸೂದಿಲ್ಲ. ಎಲ್ಲಾ ಮುಗಿದ ಮ್ಯಾಲ ತೆಗೀತಾರ. ಆ ಚೀಟಿ ಬಂದಿದ್ರೂ, ಈ ಚೀಟಿ ಬಂದಿದ್ರೂ ಹಿಂಗ ಆಗತಿತ್ತೋ ಇಲ್ಲೋ ನನಗ ಹೇಳಾಕ ಬರೂದಿಲ್ರಿ."

ಅವನಿಗೆ ಬೈಯಲು ಬೇಕಾಗಿದ್ದ ಒಂದೇ ಒಂದು ಎಳೆಯೂ ಕೈಗೆ ಸಿಗಲಿಲ್ಲ. ಫೋನಿಟ್ಟು ತಾಟನ್ನು ಮುಂದೆ ಎಳೆದುಕೊಂಡ. "ರೊಟ್ಟಿ ಹಾಕು" ಎಂದ. ಸುವರ್ಣಾ ಹಾಕಿದಳು.

ಸೋಮವಾರ ಟೆಂಪೋದಲ್ಲೇ ಹೋದರು. ತಲೆಯ ಚಿತ್ರ ತೆಗೆದರು. ಮೆದುಳಿನ ಬಲಗಡೆ ಕಡಲೆ ಗಾತ್ರದ ಒಂದು ಕಲೆ. ಯಂತ್ರದ ಮೇಲಿದ್ದ ದಿನಗಳಲ್ಲೇ ಆಗಿರಬೇಕು ಎಂದರು. ಕೈ ಪೂರ್ತಿ ತಿರುಗುತ್ತದೆಯೇ ಎಂದು ಸುವರ್ಣಾ ಕೇಳಿದ್ದಕ್ಕೆ ಡಾಕ್ಟರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇನ್ನೂ ತಡವಾಗದೆ ಬಂದದ್ದು ಒಳ್ಳೆಯದಾಯಿತು ಎಂದರು. ವ್ಯಾಯಾಮ ಕಲಿಸುವ ಹುಡುಗಿ ನೀಲಾಳ ಬಲಗೈಗೆ ಒಂದು ಬಟ್ಟೆಯ ಚೀಲ ಕಟ್ಟಿ ತೋರಿಸಿದಳು. ದಿನಾ ಎರಡು ತಾಸು ಹೀಗೆ ಕಟ್ಟಬೇಕು, ಆ ಹೊತ್ತಿನಲ್ಲಿ ಹಿಡಿಯುವುದು, ಸುಲಿಯುವುದು, ತಿನ್ನುವುದು ಎಲ್ಲ ಎಡಗೈಯದೇ.

"ತಿನ್ನೂದೂ?" ಎಂದಳು ಮೈಲಾರವ್ವ.

"ತಿನ್ನೋದೇ ಮುಖ್ಯ ಅಜ್ಜಿ. ಹಸಿವಾದರೆ ಕೈ ಕಲಿಯುತ್ತೆ."

ಮನೆಯಲ್ಲಿ ಅದೇ ದೊಡ್ಡ ಸಂಕಟವಾಯಿತು. ನೀಲಾಗೇ ಒಲ್ಲೆ. ಮೊದಲ ದಿನ ಚೀಲ ಕಟ್ಟಿ ತಾಟು ಇಟ್ಟರೆ ಅವಳು ಎಡಗೈಯನ್ನು ಬೆನ್ನ ಹಿಂದೆ ಒಯ್ದಳು. "ಎಡಗೈಲೆ ಉಂಡ್ರ ಅಜ್ಜ ಹೊಡಿತಾನ" ಎಂದು ಅತ್ತಳು. ಎರಡನೆಯ ದಿನವೂ ಉಣ್ಣಲಿಲ್ಲ. ಸುವರ್ಣಾ ಬೈದಳು, ರಮಿಸಿದಳು, ತಾನೂ ಉಣ್ಣದೆ ಎದ್ದಳು. ಮೂರನೆಯ ದಿನ ತಿರಕಪ್ಪ ಕುರಿ ಹೊಡೆದುಕೊಂಡು ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದ. ಕುರಿಗಳನ್ನು ಹಟ್ಟಿಗೆ ತುರುಕಿ, ಮೊಮ್ಮಗಳ ಬಾಜು ಕಟ್ಟೆಯ ಮೇಲೆ ಕುಳಿತು, ಬಲಗೈಯನ್ನು ಹೆಂಡತಿಯ ಮುಂದೆ ಚಾಚಿದ.

"ಟವೆಲ್ ಸುತ್ತಿ ಕಟ್ಟ ಇದನ್ನ."

"ಏನ್ ಹುಚ್ಚ ಹಿಡಿತೇನ ನಿಮಗ? ಮಂದಿ ನೋಡತಾರ."

"ನೋಡ್ಲಿ. ಕಟ್ಟ ಅಂದ್ರ ಕಟ್ಟ."

ಮೈಲಾರವ್ವ ಕಟ್ಟಿದಳು. ಇಬ್ಬರ ನಡುವೆ ಮೊರದಲ್ಲಿ ಶೇಂಗಾ ಸುರಿದಳು. ಸುವರ್ಣಾ ಶಾಲೆಗೆ ಹೋಗುವ ಹೊತ್ತು ಮೀರಿದ್ದರೂ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. ಅಜ್ಜನ ಎಡಗೈಯಿಂದ ಶೇಂಗಾ ಚಿಮ್ಮಿ ಅಂಗಳದ ಆಚೆ ಬಿತ್ತು. ನೀಲಾ ಅದನ್ನು ನೋಡಿದಳು. ಬೆನ್ನ ಹಿಂದಿನ ಕೈ ನಿಧಾನವಾಗಿ ಮುಂದೆ ಬಂತು.

ಅವತ್ತು ಬೇಸ್ತವಾರ. ಹನ್ನೊಂದಕ್ಕೆ ಫೋನು ಬಡಿದುಕೊಂಡಿತು.

"ಅಜ್ಜಿ, ನೀಲಾ ಹೆಂಗದಾಳ್ರಿ?"

"ಅಗ..." ಎಂದ ಮೈಲಾರವ್ವ ತುಟಿ ಕಚ್ಚಿಕೊಂಡಳು. "ತಡೀರಿ ಬಾಯಾರ, ನೋಡಿ ಹೇಳತೀನಿ."

ಫೋನನ್ನು ಕಿವಿಗೆ ಒತ್ತಿಕೊಂಡೇ ಕಟ್ಟೆಯ ಹತ್ತಿರ ಹೋಗಿ ಬಾಗಿದಳು. ಮೊರದಲ್ಲಿ ಬೆರಳಾಡಿಸಿದಳು. ನೀಲಾಳ ಮುಂದಿದ್ದ ಒಂದು ಕಾಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಬರಕೋರಿ. ಎರಡ ತಾಸಿಗೆ ಒಂದ ಶೇಂಗಾ. ಅದೂ ಪೂರ್ತಿ ಒಡದಿಲ್ಲ, ಬಿರಕ ಬಿಟ್ಟೈತಿ ಅಷ್ಟ. ಅವರಜ್ಜ ಒಂದೂ ಒಡದಿಲ್ಲ."